ಸಣ್ಣ ಕಾರಿಗೆ ಕ್ಯಾರವಾನ್ ಕಟ್ಟಬಹುದೇ? ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ಮೊಬೈಲಿಗೆ ಬರುವ ಪ್ರವಾಸದ ವಿಡಿಯೋಗಳಲ್ಲಿ ಒಂದು ಬಗೆ ಎಲ್ಲರಿಗೂ ಇಷ್ಟ. ಸಣ್ಣದೊಂದು ಕಾರು, ಅದರ ಬೆನ್ನಿಗೆ ಬಿಳಿ ಬಣ್ಣದ ಪುಟ್ಟ ಮನೆ, ದೂರದಲ್ಲಿ ಬೆಟ್ಟದ ಸಾಲು. ಕೆಳಗೆ ‘ಲಾಡ್ಜ್ ಬೇಡ, ಬಾಡಿಗೆ ಬೇಡ, ನಿಮ್ಮ ಹಳೇ ಕಾರೇ ಸಾಕು’ ಎಂಬ ಸಾಲು. ನೋಡಿದವರಿಗೆ ತಕ್ಷಣ ಲೆಕ್ಕ ಶುರುವಾಗುತ್ತದೆ. ಶನಿವಾರ ರಾಮದೇವರ ಬೆಟ್ಟ, ರಾತ್ರಿ ಕಣ್ವ ಜಲಾಶಯದ ಹತ್ತಿರ, ಭಾನುವಾರ ಸಾವನದುರ್ಗ, ಆಮೇಲೆ ಕನಕಪುರ ದಾಟಿ ಸಂಗಮ. ಮಕ್ಕಳು ಹಿಂದಿನ ಮನೆಯಲ್ಲಿ ಆಡಿಕೊಂಡಿದ್ದರಾಯಿತು!

ಇಂಥ ವಿಡಿಯೋಗಳ ಜೊತೆಗೆ ಒಂದಷ್ಟು ಸಲಹೆಗಳೂ ಓಡಾಡುತ್ತವೆ. ಎಂಜಿನ್‌ಗೆ ಶಕ್ತಿ ಇದ್ದರೆ ಏನನ್ನು ಬೇಕಾದರೂ ಎಳೆಯಬಹುದು. ಸಾಮಾನನ್ನು ಕ್ಯಾರವಾನಿನ ಹಿಂಭಾಗಕ್ಕೆ ಹಾಕಿದರೆ ಕಾರಿಗೆ ಹಗುರ. ಹಿಂದಿನ ಗಾಡಿ ತೂರಾಡಿದರೆ ಆಕ್ಸಿಲರೇಟರ್ ಒತ್ತಿ, ನೆಟ್ಟಗಾಗುತ್ತದೆ. ಕಾರಿನ ಲೈಸೆನ್ಸ್ ಇದ್ದರೆ ಮತ್ತೇನೂ ಬೇಡ. ಇವುಗಳಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದೂ ಮೂರನೆಯದೂ ಜೀವ ತೆಗೆಯುವಂಥವು. ಕೊನೆಯದು ಪೂರ್ತಿ ತಪ್ಪಲ್ಲ, ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಕಾರಿನ ಹಿಂದೆ ಕ್ಯಾರವಾನ್ ಕಾಣುವುದು ಅಪರೂಪ. ಆದರೆ ಒಂದು ಗಾಡಿ ಇನ್ನೊಂದನ್ನು ಎಳೆಯುವ ದೃಶ್ಯ ದಿನಬೆಳಗಾದರೆ ಕಾಣುತ್ತದೆ. ಟ್ರ್ಯಾಕ್ಟರಿನ ಹಿಂದೆ ಟ್ರೈಲರ್, ಜೀಪಿನ ಹಿಂದೆ ನೀರಿನ ಟ್ಯಾಂಕರ್, ಕೆಟ್ಟು ನಿಂತ ಕಾರಿಗೆ ಹಗ್ಗ ಬಿಗಿದ ಇನ್ನೊಂದು ಕಾರು. ಭೌತಶಾಸ್ತ್ರಕ್ಕೆ ಹಿಂದಿರುವುದು ಮನೆಯೋ ಮಾವಿನಹಣ್ಣಿನ ಕ್ರೇಟೋ ಎಂಬ ಭೇದವಿಲ್ಲ. ಹಾಗಾಗಿ ಕ್ಯಾರವಾನ್ ಕೊಳ್ಳುವ ಯೋಚನೆ ಇಲ್ಲದವರಿಗೂ ಈ ಲೆಕ್ಕ ಬೇಕಾದದ್ದೇ.

ಎತ್ತಿನ ಗಾಡಿಗೆ ಗೊತ್ತಿದ್ದ ವಿದ್ಯೆ

ಎತ್ತಿನ ಗಾಡಿ ಹೊಡೆದವರು ಮನೆಯಲ್ಲಿದ್ದರೆ ಅವರನ್ನೊಮ್ಮೆ ಕೇಳಿ. ಗಾಡಿಗೆ ಮೂಟೆ ಹೇರುವಾಗ ಅವರು ಮೊದಲು ನೋಡುತ್ತಿದ್ದದ್ದು ಒಟ್ಟು ಎಷ್ಟು ಭಾರ ಎಂಬುದನ್ನಲ್ಲ, ಮುಂಭಾರವೋ ಹಿಂಭಾರವೋ ಎಂಬುದನ್ನು. ಎರಡು ಚಕ್ರದ ಗಾಡಿ ಒಂದೇ ಅಚ್ಚಿನ ಮೇಲೆ ನಿಂತ ತಕ್ಕಡಿ. ಮುಂಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ಕೊರಳಿಗೆ ಕಟ್ಟಿದ ಹಗ್ಗ ಎತ್ತುಗಳ ಕತ್ತನ್ನೇ ಹಿಡಿಯುತ್ತದೆ. ನೊಗದ ಮೇಲೆ ಸ್ವಲ್ಪವೇ ಭಾರ ಕೂರಬೇಕು, ಹೆಚ್ಚಲ್ಲ, ಕಡಿಮೆಯೂ ಅಲ್ಲ. ಏರು ಬಂದಾಗ ಗಾಡಿ ಹೊಡೆಯುವವರು ಮೂಕಿಯ ಕಡೆಗೆ ಜರುಗಿ ಕೂರುತ್ತಿದ್ದದ್ದು ಇದೇ ಲೆಕ್ಕಕ್ಕೆ.

ಕ್ಯಾರವಾನ್ ಕೂಡ ಅಂಥದ್ದೇ ಗಾಡಿ. ಸಾಮಾನ್ಯವಾಗಿ ಮಧ್ಯದಲ್ಲಿ ಅಚ್ಚು, ಮುಂದೆ ಮೂಕಿ. ಮೂಕಿಯ ತುದಿ ಕಾರಿನ ಹಿಂದಿರುವ ಗುಂಡುಕೊಂಡಿಯ ಮೇಲೆ ಕೂರುತ್ತದೆ. ಅಲ್ಲಿ ಎಷ್ಟು ಭಾರ ಕೂರಬೇಕು ಎಂಬುದಕ್ಕೆ ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಸಲಹೆ, ತುಂಬಿದ ಕ್ಯಾರವಾನಿನ ಒಟ್ಟು ತೂಕದ ಶೇ. 5ರಿಂದ 7. ಅಮೆರಿಕದಲ್ಲಿ ಟ್ರೈಲರ್‌ಗಳಿಗೆ ಶೇ. 10ರಿಂದ 15 ಎನ್ನುತ್ತಾರೆ. ಅಲ್ಲಿ ಎಳೆಯುವ ಗಾಡಿಗಳೂ ದೊಡ್ಡವು.

ಈಗ ‘ಹಿಂದಕ್ಕೆ ಹಾಕಿದರೆ ಕಾರಿಗೆ ಹಗುರ’ ಎಂಬ ಮಾತಿಗೆ ಬನ್ನಿ. ನಿಜ, ಹಗುರವಾಗುತ್ತದೆ. ಅತಿಯಾದರೆ ಕೊಂಡಿ ಕಾರಿನ ಬೆನ್ನನ್ನೇ ಮೇಲಕ್ಕೆತ್ತುತ್ತದೆ. ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹಿಂಭಾರದ ಗಾಡಿ ಒಮ್ಮೆ ಎಡಕ್ಕೆ ಬಾಲ ಬೀಸಿದರೆ ಅದನ್ನು ವಾಪಸು ತರುವಷ್ಟು ಹಿಡಿತ ಕಾರಿಗೆ ಇರುವುದಿಲ್ಲ. ಎಡಕ್ಕೆ ಬೀಸಿದ್ದು ಬಲಕ್ಕೆ, ಬಲಕ್ಕೆ ಬೀಸಿದ್ದು ಇನ್ನೂ ಜೋರಾಗಿ ಎಡಕ್ಕೆ. ಚನ್ನಪಟ್ಟಣದ ಮರದ ರೈಲು ಮನೆಯಲ್ಲಿದ್ದರೆ ದಾರ ಹಿಡಿದು ಎಳೆದು ನೋಡಿ. ನಿಧಾನಕ್ಕೆ ಎಳೆದಾಗ ಬೋಗಿಗಳು ಶಿಸ್ತಾಗಿ ಬರುತ್ತವೆ. ಓಡುತ್ತಾ ಎಳೆದರೆ ಕೊನೆಯ ಬೋಗಿ ಬಾಲ ಅಲ್ಲಾಡಿಸತೊಡಗುತ್ತದೆ.

ಎಂಜಿನಿಯರುಗಳು ಇದನ್ನು ವೇಗದ ಮಿತಿಯಾಗಿ ನೋಡುತ್ತಾರೆ. ಪ್ರತಿ ಕಾರು-ಟ್ರೈಲರ್ ಜೋಡಿಗೂ ಒಂದು ವೇಗವಿರುತ್ತದೆ. ಅದಕ್ಕಿಂತ ಕೆಳಗೆ ಓಲಾಟ ತಾನಾಗಿಯೇ ಸಾಯುತ್ತದೆ, ಮೇಲೆ ತಾನಾಗಿಯೇ ಬೆಳೆಯುತ್ತದೆ. ಹಿಂಭಾರ, ಹಗುರ ಕಾರು, ಗಾಳಿ ಇಳಿದ ಟೈರು, ಚಿಕ್ಕ ಮೂಕಿ, ಇವೆಲ್ಲ ಆ ಮಿತಿಯನ್ನು ಕೆಳಕ್ಕೆ ತಳ್ಳುತ್ತವೆ. ಹಾಗಾದರೆ ತೂರಾಡುವಾಗ ಆಕ್ಸಿಲರೇಟರ್ ಒತ್ತಿದರೆ ಏನಾಗುತ್ತದೆ? ಮೊದಲೇ ಮಿತಿ ದಾಟಿರುವ ಜೋಡಿಯನ್ನು ಇನ್ನೂ ದೂರಕ್ಕೆ ನೂಕಿದಂತೆ. ಕಾಲು ತೆಗೆಯಬೇಕು, ಸ್ಟೀರಿಂಗನ್ನು ನೇರವಾಗಿ ಹಿಡಿಯಬೇಕು, ವೇಗ ತಾನಾಗಿ ಇಳಿಯಲು ಬಿಡಬೇಕು. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಹಾಕಬಾರದು, ಓಲಾಟಕ್ಕೆ ಸರಿಯಾಗಿ ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಲೂಬಾರದು. ನಾವು ತಿರುಗಿಸುವ ಹೊತ್ತಿಗೆ ಗಾಡಿ ಇನ್ನೊಂದು ದಿಕ್ಕಿಗೆ ಹೊರಟಿರುತ್ತದೆ. ನಮ್ಮ ತಿದ್ದುಪಡಿಯೇ ಅದಕ್ಕೆ ನೂಕುಬಲವಾಗುತ್ತದೆ.

ಓಲಾಟ ಶುರುವಾಗಲು ದೊಡ್ಡ ಕಾರಣ ಬೇಕಿಲ್ಲ. ಪಕ್ಕದಲ್ಲಿ ವೇಗವಾಗಿ ದಾಟಿದ ಬಸ್ಸಿನ ಗಾಳಿ ಸಾಕು.

ಕಿಲೋ ಲೆಕ್ಕ

ನಮ್ಮ ಕಡೆ ಹೆಚ್ಚಾಗಿ ಕಾಣುವ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಕಾರುಗಳ ಖಾಲಿ ತೂಕ ಸುಮಾರು 730ರಿಂದ 930 ಕೆ.ಜಿ. ಯುರೋಪಿನ ನಾಲ್ವರು ಮಲಗುವ ಕ್ಯಾರವಾನ್ ಸಾಮಾನು ತುಂಬಿದಾಗ ಸಾಧಾರಣವಾಗಿ 1,200ರಿಂದ 1,500 ಕೆ.ಜಿ. ತೂಗುತ್ತದೆ. ಅಂದರೆ ಎತ್ತಿಗಿಂತ ಗಾಡಿಯೇ ದಪ್ಪ. ವಿಡಿಯೋದಲ್ಲಿ ಸಣ್ಣದಾಗಿ ಕಾಣುವ ಕಾರು ನಿಜಕ್ಕೂ ನಮ್ಮ ಸಣ್ಣ ಕಾರುಗಳಿಗಿಂತ ಎಷ್ಟೋ ಭಾರದ್ದಾಗಿರಬಹುದು. ಪಕ್ಕದ ದೊಡ್ಡ ಡಬ್ಬಿಯಿಂದಾಗಿ ಚಿಕ್ಕದಾಗಿ ಕಾಣುತ್ತದೆ, ಅಷ್ಟೆ.

ಹೊಸದಾಗಿ ಎಳೆಯಲು ಕಲಿಯುವವರಿಗೆ ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಕೊಡುವ ಸಲಹೆ ಹೀಗಿದೆ: ತುಂಬಿದ ಕ್ಯಾರವಾನ್, ಕಾರಿನ ಸ್ವಂತ ತೂಕದ ಶೇ. 85ನ್ನು ಮೀರದಿರಲಿ. 820 ಕೆ.ಜಿ. ಕಾರಿಗೆ ಇದು ಸುಮಾರು 700 ಕೆ.ಜಿ. ಅದೂ ಟ್ರೈಲರಿಗೆ ತನ್ನದೇ ಬ್ರೇಕ್ ಇದ್ದು, ಕಾರು ತಯಾರಕರು ಅಷ್ಟು ಎಳೆಯಲು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಬ್ರೇಕ್ ಇಲ್ಲದ ಟ್ರೈಲರ್ ಆದರೆ ಅಲ್ಲಿನ ಕಾನೂನಿನ ಮಿತಿ 750 ಕೆ.ಜಿ. ಅಥವಾ ಕಾರಿನ ತೂಕದ ಅರ್ಧ, ಯಾವುದು ಕಡಿಮೆಯೋ ಅದು. ನಮ್ಮ ಉದಾಹರಣೆಯ ಕಾರಿಗೆ ಅದು 410 ಕೆ.ಜಿ. ಆಯಿತು. ಮನೆಯಲ್ಲ, ಮನೆಯ ಬಾಗಿಲು-ಕಿಟಕಿ ಅನ್ನಬಹುದು.

ಈ ಬ್ರೇಕಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ‘ಎಂಜಿನ್ ಎಳೆದರೆ ಸಾಕು’ ಎಂಬ ಅರ್ಧ ಸತ್ಯದ ಉಳಿದರ್ಧ ಇಲ್ಲಿದೆ. ಮಟ್ಟಸವಾದ ರಸ್ತೆಯಲ್ಲಿ ಭಾರ ಎಳೆಯಲು ಬೇಕಾದ ಬಲ ಬಹಳ ಕಡಿಮೆ. ನಾಲ್ಕು ಜನ ಸೇರಿದರೆ ಕೆಟ್ಟ ಕಾರನ್ನು ತಳ್ಳುತ್ತೇವಲ್ಲ, ಹಾಗೆ. ಅದೇ ನಾಲ್ಕು ಜನ 80 ಕಿ.ಮೀ. ವೇಗದಲ್ಲಿ ಬರುವ ಕಾರನ್ನು ನಿಲ್ಲಿಸಲಾಗದು.

ಕಾರು, ನಾಲ್ಕು ಜನ, ಬ್ಯಾಗು ಸೇರಿ 1,150 ಕೆ.ಜಿ. ಎಂದುಕೊಳ್ಳಿ. ಒಣ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಜೋರಾಗಿ ಬ್ರೇಕ್ ಒತ್ತಿದರೆ ಒಳ್ಳೆಯ ಟೈರಿನ ಕಾರು ಸುಮಾರು 35 ಮೀಟರ್‌ನಲ್ಲಿ ನಿಲ್ಲುತ್ತದೆ. ಇದಕ್ಕೆ ಬ್ರೇಕ್ ಇಲ್ಲದ 700 ಕೆ.ಜಿ. ಗಾಡಿ ಕಟ್ಟಿ. ಈಗ 1,150 ಕೆ.ಜಿ.ಯ ಟೈರ್ ಹಿಡಿತದಿಂದ 1,850 ಕೆ.ಜಿ.ಯನ್ನು ನಿಲ್ಲಿಸಬೇಕು. ದೂರ ಸುಮಾರು 57 ಮೀಟರಿಗೆ ಹೋಗುತ್ತದೆ. ಮುಂದೆ ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ, ಒಂದೇ ಸೆಕೆಂಡ್ ಎಂದರೂ, ಕಾರು 22 ಮೀಟರ್ ಓಡಿರುತ್ತದೆ. ಅದನ್ನೂ ಸೇರಿಸಿಕೊಳ್ಳಿ. ಇದು ಗಾಡಿ ನೇರವಾಗಿ ಹಿಂದೆಯೇ ಬಂದರೆ ಸಿಗುವ ಲೆಕ್ಕ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಹಿಂದಿನ 700 ಕೆ.ಜಿ. ಕಾರಿನ ಬೆನ್ನನ್ನು ಪಕ್ಕಕ್ಕೆ ನೂಕುತ್ತದೆ. ಜೋಡಿ ಮಡಚುಚಾಕುವಿನ ಹಾಗೆ ಮಡಚಿಕೊಳ್ಳುತ್ತದೆ.

ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದು ಗೊತ್ತೇ ಇದೆ. ಒಣ ಹುರುಳಿ ಸೊಪ್ಪಿನ ಮೇಲೆ ಬೈಕಿನವರು ಜಾರುತ್ತಾರೆ. ಎಳೆಬಂಡಿ ಕಟ್ಟಿದ ಕಾರಿಗೂ ಅಲ್ಲಿ ಮೇಲಿನ ಯಾವ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ.

ಇಳಿಜಾರಿನಲ್ಲಿ ಮತ್ತೊಂದು ತೊಂದರೆ. ನೂರು ಮೀಟರಿಗೆ ಎಂಟು ಮೀಟರ್ ಇಳಿಯುವ ರಸ್ತೆಯಲ್ಲಿ ಈ 1,850 ಕೆ.ಜಿ.ಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲೇ ಹಿಡಿದಿಡಬೇಕಾದರೆ, ಗಾಳಿಯ ತಡೆ, ಟೈರಿನ ಉಜ್ಜಾಟ ಕಳೆದ ಮೇಲೂ 10 ಕಿಲೋವಾಟ್‌ಗಿಂತ ಹೆಚ್ಚು ಶಾಖ ಎಲ್ಲಾದರೂ ಹೋಗಬೇಕು. ಸ್ನಾನದ ಮನೆಯ 2 ಕಿಲೋವಾಟ್ ಗೀಸರುಗಳನ್ನು ಐದು ಒಟ್ಟಿಗೆ ಹಾಕಿದಂತೆ. ಬ್ರೇಕ್ ಪೆಡಲನ್ನೇ ಒತ್ತಿಕೊಂಡು ಇಳಿದರೆ ಆ ಶಾಖವೆಲ್ಲ ಬ್ರೇಕಿಗೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಆಮೇಲೆ ಒತ್ತಿದರೂ ಹಿಡಿಯದ ಬ್ರೇಕು. ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನೇ ಹಿಡಿದುಕೊಳ್ಳುವಂತೆ ಮಾಡಬೇಕು. ‘ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ’ ಎಂಬ ಇನ್ನೊಂದು ಜನಪ್ರಿಯ ಫಾರ್ವರ್ಡ್ ಎಳೆಬಂಡಿ ಇದ್ದಾಗ ಆತ್ಮಹತ್ಯೆಗೆ ಸಮ. ಅಂದಹಾಗೆ ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಅದು ನಿಜವೂ ಅಲ್ಲ. ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಧನ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಲೇ ಇರುತ್ತದೆ.

ಮುಂದಿನ ಚಕ್ರಗಳ ಮಾತನ್ನೂ ಹೇಳಿಬಿಡಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯುತ್ತವೆ, ತಿರುಗುವುದೂ ಅವೇ, ಬ್ರೇಕಿನ ಬಹುಪಾಲು ಕೆಲಸ ಮಾಡುವುದೂ ಅವೇ. ಕೊಂಡಿಯ ಮೇಲೆ 50 ಕೆ.ಜಿ. ಕೂತರೆ ಸನ್ನೆಕೋಲಿನ ನಿಯಮದಂತೆ ಮುಂದಿನ ಚಕ್ರಗಳಿಂದ ಸುಮಾರು 20 ಕೆ.ಜಿ. ಎದ್ದುಹೋಗುತ್ತದೆ. ಅದನ್ನು ತಾಳಬಹುದು. ಹಿಂಭಾರದ ಹೆದರಿಕೆಯಿಂದ ಎಲ್ಲವನ್ನೂ ಮುಂದಕ್ಕೆ ಪೇರಿಸಿ 120 ಕೆ.ಜಿ. ಕೂರಿಸಿದರೆ 45 ಕೆ.ಜಿ. ಎದ್ದುಹೋಗುತ್ತದೆ. ಹೆಡ್‌ಲೈಟ್ ಮರದ ತುದಿ ನೋಡುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ.

ಆದ್ದರಿಂದ ಭಾರದ್ದೆಲ್ಲ ನೆಲಕ್ಕೆ ಹತ್ತಿರವಾಗಿ, ಅಚ್ಚಿನ ಮೇಲೆ, ಒಂಚೂರು ಮುಂದಕ್ಕೆ. ಹಗುರವಾದದ್ದು ಮೇಲಿನ ಕಪಾಟಿಗೆ. ತುಂಬಿದ ಅಡುಗೆ ಸಿಲಿಂಡರ್ ಒಂದೇ ಸುಮಾರು 30 ಕೆ.ಜಿ. ನೂರು ಲೀಟರ್ ನೀರು ಎಂದರೆ ನೂರು ಕೆ.ಜಿ. ಹಿಂದಿನ ಮೂಲೆಯಲ್ಲಿ ನೀರಿನ ಟ್ಯಾಂಕ್ ಇದ್ದರೆ ಅದು ತುಂಬಿದಾಗ ಒಂದು ಗಾಡಿ, ಖಾಲಿಯಾದಾಗ ಇನ್ನೊಂದು ಗಾಡಿ. ಕೊಂಡಿಯ ಭಾರ ಅಳೆಯಲು ದೊಡ್ಡ ಯಂತ್ರ ಬೇಡ. ಮಟ್ಟಸ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾರಿಗೆ ಕಟ್ಟಿದಾಗ ಇರುವಷ್ಟೇ ಎತ್ತರಕ್ಕೆ ಮರದ ತುಂಡು ಇಟ್ಟು, ಮನೆಯಲ್ಲಿ ಮೈತೂಕ ನೋಡುವ ಮಾಪನದ ಮೇಲೆ ಮೂಕಿಯ ತುದಿಯನ್ನು ಇಳಿಸಿದರೆ ಸಾಕು.

ಕಾನೂನು ಏನನ್ನುತ್ತದೆ

1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಟ್ರೈಲರ್ ಕೂಡ ಒಂದು ವಾಹನ. ಅದಕ್ಕೂ ನೋಂದಣಿ ಬೇಕು. ಎಳೆಯುವ ವಾಹನದ ನಂಬರು ಹಿಂದಿನ ಟ್ರೈಲರಿನ ಮೇಲೂ ಕಾಣಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಜೀಪಿನ ಅಚ್ಚಿಗೆ ಡಬ್ಬಿ ಕೂರಿಸಿ ತಂದರೆ ಅದು ಚೆನ್ನಾಗಿ ಉರುಳಬಹುದು, ಆದರೆ ನೋಂದಣಿ ಇಲ್ಲದ ಗಾಡಿಯಿಂದ ಅಪಘಾತವಾದಾಗ ವಿಮೆಯವರ ಮುಂದೆ ನಿಲ್ಲಲು ನೆಲೆಯೇ ಇರುವುದಿಲ್ಲ.

ಇನ್ನು ಲೈಸೆನ್ಸ್. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಹೇಳಿತು. ಈ ಅಂಕಿಯನ್ನು ಹಿಡಿದು ‘7,500 ಕೆ.ಜಿ. ತನಕ ಎಳೆಯಬಹುದು’ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ತೀರ್ಪು ಚಾಲಕರ ಲೈಸೆನ್ಸ್ ಬಗ್ಗೆ. ನಿಮ್ಮ ಕಾರಿನ ಬ್ರೇಕಿಗೆ ಅದು ತಲುಪಿಲ್ಲ. ಆ ಬಗ್ಗೆ ಹೇಳುವುದು ಕಾರಿನ ಜೊತೆ ಬಂದು ಡ್ಯಾಷ್‌ಬೋರ್ಡಿನಲ್ಲಿ ಮಲಗಿರುವ ಕೈಪಿಡಿ. ಟ್ರೈಲರ್ ಎಳೆಯುವ ಬಗ್ಗೆ ಅದರಲ್ಲಿ ಏನಿದೆ ಎಂದು ಹುಡುಕಿ. ಎಳೆಯುವ ತೂಕದ ಅಂಕಿ ಕೊಡದೆ, ಈ ಕಾರು ಜನರನ್ನೂ ಸಾಮಾನನ್ನೂ ಹೊರಲು ಮಾಡಿದ್ದು, ಟ್ರೈಲರ್ ಎಳೆಯಲು ಅಲ್ಲ ಎಂದೇ ಬರೆದಿರುವ ಸಣ್ಣ ಕಾರುಗಳಿವೆ. ಹಾಗೆ ಬರೆದಿದ್ದರೆ ಮೇಲಿನ ಶೇ. 85ರ ಲೆಕ್ಕವೂ ನಿಮಗೆ ಅನ್ವಯಿಸುವುದಿಲ್ಲ, ಉತ್ತರ ಸೊನ್ನೆ. ‘ಬಂಪರಿನಲ್ಲಿ ಕೊಕ್ಕೆ ಇದೆಯಲ್ಲ’ ಎನ್ನುತ್ತೀರಾ? ಅದು ಕೆಟ್ಟ ಕಾರನ್ನು ಎಳೆದು ಪಕ್ಕಕ್ಕೆ ಹಾಕಲು. ಮನೆ ಕಟ್ಟಿಕೊಳ್ಳಲು ಅಲ್ಲ.

ವೇಗದ ವಿಷಯ. ಕಾರು ಕ್ಯಾರವಾನ್ ಎಳೆಯುವಾಗ ಬ್ರಿಟನ್ನಿನ ಮೋಟಾರುದಾರಿಗಳಲ್ಲಿ ಮಿತಿ ಗಂಟೆಗೆ 60 ಮೈಲಿ, ಸುಮಾರು 96 ಕಿ.ಮೀ. ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿ.ಮೀ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100 ಕಿ.ಮೀ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ. ಟ್ರೈಲರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಟ್ರ್ಯಾಕ್ಟರಿಗೆ ಸರ್ವಿಸ್ ರಸ್ತೆಯೇ ಗತಿ. ಇದನ್ನು ರೈತರ ಮೇಲಿನ ಅನ್ಯಾಯ ಎಂದವರಿದ್ದಾರೆ. ಸರ್ವಿಸ್ ರಸ್ತೆಯ ಸ್ಥಿತಿಯ ಬಗ್ಗೆ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ 100ರಲ್ಲಿ ಬರುವ ಕಾರಿಗೆ 25ರಲ್ಲಿ ಹೋಗುವ ಟ್ರೈಲರ್ ಎದುರಾದರೆ ಅವೆರಡರ ನಡುವಿನ ಅಂತರ ಪ್ರತಿ ಸೆಕೆಂಡಿಗೆ 20 ಮೀಟರಿಗೂ ಹೆಚ್ಚು ಕರಗುತ್ತದೆ. ಹಿಂದೆ ಕೆಂಪು ದೀಪವಾಗಲಿ, ಬೆಳಕು ಹೊಳೆಯಿಸುವ ಪಟ್ಟಿಯಾಗಲಿ ಇಲ್ಲದಿದ್ದರೆ ರಾತ್ರಿ ಅದು ಕಾಣುವುದು ತಡವಾಗಿ.

ಹಿಂದಿನ ಗಾಡಿಯಲ್ಲಿ ಜನ

ಮೊದಲಿಗೆ ಹೇಳಿದ ಕನಸಿನಲ್ಲಿ ಮಕ್ಕಳು ಹಿಂದಿನ ಮನೆಯಲ್ಲಿ ಆಡಿಕೊಂಡಿದ್ದರು. ಓಡುವ ಕ್ಯಾರವಾನಿನಲ್ಲಿ ಯಾರೂ ಇರಕೂಡದು. ಅಲ್ಲಿ ಸೀಟ್ ಬೆಲ್ಟ್ ಇಲ್ಲ, ಗೋಡೆ ಅಪಘಾತ ತಡೆಯಲು ಮಾಡಿದ್ದಲ್ಲ, ಕೊಂಡಿ ಕಳಚಿದರೆ ಬ್ರೇಕು, ಸ್ಟೀರಿಂಗ್ ಎರಡೂ ಇಲ್ಲ.

ಇದನ್ನು ಓದಿ ‘ಅಷ್ಟೂ ಗೊತ್ತಿಲ್ಲವೇ’ ಎನ್ನುವ ನಾವೇ ಕಬ್ಬಾಳಮ್ಮನ ಜಾತ್ರೆಗೋ ಮಾಗಡಿ ರಂಗನಾಥಸ್ವಾಮಿ ತೇರಿಗೋ ಮದುವೆ ದಿಬ್ಬಣಕ್ಕೋ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮನೆಮಂದಿಯನ್ನೆಲ್ಲ ಹತ್ತಿಸುತ್ತೇವೆ. ಮೇಲೆ ಹೇಳಿದ ಮೂರೂ ಕೊರತೆಗಳು ಅಲ್ಲಿಯೂ ಇವೆ. ಜೊತೆಗೆ ಇನ್ನೊಂದು: ಮೂಟೆ ಹಾಕಿದಲ್ಲಿ ಬಿದ್ದಿರುತ್ತದೆ, ಜನ ನಿಲ್ಲುತ್ತಾರೆ. ಮೂವತ್ತು ಜನ ನಿಂತರೆ ಭಾರದ ಕೇಂದ್ರ ಮೇಲಕ್ಕೇರುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಕಾಲುವೆ ಏರಿಯ ಮೇಲೆ ಒಂದು ಚಕ್ರ ಅಂಚಿಗೆ ಜಾರಿದರೆ ಅಷ್ಟು ವಾಲಿಕೆಯೇ ಸಾಕು ಟ್ರೈಲರ್ ಮಗುಚಲು. ಟ್ರ್ಯಾಕ್ಟರ್ ಎಷ್ಟೋ ಸಲ ನೆಟ್ಟಗೇ ನಿಂತಿರುತ್ತದೆ. ಸರಕಿನ ಟ್ರೈಲರಿನಲ್ಲಿ ಜನ ಸಾಗಿಸುವುದು ಕಾನೂನಿಗೂ ವಿರುದ್ಧ, ಸತ್ತವರ ಮನೆಯವರಿಗೆ ಪರಿಹಾರ ಸಿಗುವುದೂ ಅಲ್ಲಿಗೆ ಕಗ್ಗಂಟಾಗುತ್ತದೆ. ಕ್ಯಾರವಾನಿನ ಬಗ್ಗೆ ಬರೆಯಲು ಕೂತ ನಮಗೆ ಇದನ್ನು ಬರೆಯುವುದೇ ಹೆಚ್ಚು ಅಗತ್ಯ ಎನಿಸಿತು.

ಹಗ್ಗ ಕಟ್ಟಿ ಎಳೆಯುವವರಿಗೆ

ಕ್ಯಾರವಾನ್ ಇಲ್ಲದ ಮನೆಯವರೂ ಎಂದಾದರೊಂದು ದಿನ ಈ ಕೆಲಸ ಮಾಡುತ್ತಾರೆ. ಕೆಟ್ಟ ಕಾರಿನ ಎಂಜಿನ್ ಆಫ್ ಆಗಿರುತ್ತದೆ. ಆಗ ಬ್ರೇಕಿಗೆ ನೆರವಾಗುವ ಬೂಸ್ಟರ್ ಎರಡು-ಮೂರು ಒತ್ತಿಗೆ ಖಾಲಿ, ಪವರ್ ಸ್ಟೀರಿಂಗ್ ಕೂಡ ಇಲ್ಲ. ಹಿಂದಿನ ಕಾರಿನಲ್ಲಿ ಕೂತವರಿಗೆ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟೀರಿಂಗ್ ಬಂಡೆಯಂತೆ ಭಾರ. ಅದಕ್ಕೇ ಅಲ್ಲಿ ಕೂರಬೇಕಾದ್ದು ಲೈಸೆನ್ಸ್ ಇರುವ, ಬಲವಿರುವ ಚಾಲಕರು, ಮನೆಯ ಹುಡುಗನಲ್ಲ. ಕೀಲಿ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿಕೊಳ್ಳಬೇಕು. 1989ರ ರಸ್ತೆ ನಿಯಮಗಳು ಎರಡು ವಾಹನಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು ಎಂದಿದ್ದವು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು, ಆದರೆ ಹಗ್ಗದ ಎಚ್ಚರಿಕೆ ಇವತ್ತಿಗೂ ಅದೇ. ಹಗ್ಗ ಎಳೆಯಬಲ್ಲದು, ನಿಲ್ಲಿಸಲಾರದು. ಮುಂದಿನವರು ಬ್ರೇಕ್ ಹಾಕಿದಾಗ ಹಿಂದಿನವರೂ ಹಾಕದಿದ್ದರೆ ನಡುವೆ ಉಳಿಯುವುದು ಆ 5 ಮೀಟರ್ ಮಾತ್ರ. ಹಗ್ಗಕ್ಕೊಂದು ಕೆಂಪು ಬಟ್ಟೆ ಕಟ್ಟಿ. ಇಲ್ಲದಿದ್ದರೆ ಎರಡು ಕಾರುಗಳ ಮಧ್ಯೆ ಖಾಲಿ ಜಾಗವಿದೆ ಎಂದುಕೊಂಡು ಬೈಕಿನವರು ನುಗ್ಗುತ್ತಾರೆ.

ಆಟೊಮ್ಯಾಟಿಕ್ ಗೇರಿನ ಕಾರನ್ನು ಎಳೆಯುವ ಚಕ್ರಗಳು ನೆಲದಲ್ಲಿರುವಾಗ ಹೀಗೆ ಎಳೆದರೆ ಗೇರುಪೆಟ್ಟಿಗೆ ಹಾಳಾಗಬಹುದು, ಕೈಪಿಡಿ ನೋಡದೆ ಹಗ್ಗ ಬಿಗಿಯಬೇಡಿ. ಎಕ್ಸ್‌ಪ್ರೆಸ್‌ವೇ ಮೇಲೆ ಕೆಟ್ಟು ನಿಂತರೆ ಹಗ್ಗದ ಯೋಚನೆಯೇ ಬೇಡ. ಅಪಾಯದ ದೀಪ ಹಾಕಿ, ಎಲ್ಲರೂ ಇಳಿದು ತಡೆಬೇಲಿಯ ಆಚೆಗೆ ಹೋಗಿ ನಿಂತು, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಗಾಯವಾಗಿದ್ದರೆ 112. ಕ್ರೇನ್ ಬರುವ ತನಕ ಕಾರಿನೊಳಗೆ ಏಸಿ ಹಾಕಿಕೊಂಡು ಕೂರಬೇಡಿ.